ಪಿಕಳಾರನ ಹೊಟ್ಟೆ, ದೀಪದ ಹೊತ್ತು

ಸಂಜೆಯಾದರೆ ಮನೆಯವರ ಹಣೆ ಮುಟ್ಟಿ ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಯಾರಿಗೂ ಜ್ವರ ಇರಬೇಕೆಂದೇನೂ ಇಲ್ಲ. ನಾಲ್ಕು ಗಂಟೆ ದಾಟಿ ತೆಂಗಿನ ನೆರಳು ಅಂಗಳದ ಆಚೆ ಬದಿಗೆ ಹೋಗುವಾಗ ನನ್ನ ಎದೆ ತನ್ನಷ್ಟಕ್ಕೆ ಬಡಿದುಕೊಳ್ಳತೊಡಗುತ್ತದೆ. ಕಾಲೇಜಿನಿಂದ ಬರುವ ಮಗಳನ್ನು ಮೆಟ್ಟಿಲಲ್ಲೇ ನಿಲ್ಲಿಸಿ, ಹಣೆ ಮುಟ್ಟಿ, ಕುತ್ತಿಗೆಯ ಎರಡೂ ಬದಿ ಒತ್ತಿ ನೋಡಿದ ಮೇಲೆಯೇ ಒಳಗೆ ಬಿಡುತ್ತೇನೆ. "ಸಾಸ್ತಾನದಲ್ಲ್ ಒಂದ್ ಟೋಲ್, ನಮ್ಮನಿ ಮೆಟ್ಲಲ್ಲ್ ಒಂದ್ ಟೋಲ್," ಎಂದು ಅವಳು ತಮಾಷೆ ಮಾಡುತ್ತಾಳೆ. "ಅಲ್ಲಾರೆ ದುಡ್ಡ್ ಕೊಟ್ರೆ ಬಿಡ್ತ್ರ್. ಇಲ್ಲ್ ಹಣಿ ತಣ್ಣಗಿರ್ಕ್." ನಾನೂ ನಗುತ್ತೇನೆ. ಕೈ ಮಾತ್ರ ತೆಗೆಯುವುದಿಲ್ಲ.

ಇದು ಶುರುವಾದದ್ದು ನನ್ನ ನಾದಿನಿಯಿಂದ. ಅವಳು ಈಗ ಇಲ್ಲ. ನಾದಿನಿ ತೀರಿಕೊಂಡರೆ ಅತ್ತಿಗೆಗೆ ಎಷ್ಟು ದುಃಖವಿರಬೇಕು ಎಂಬುದಕ್ಕೆ ಊರಿನಲ್ಲಿ ಒಂದು ಅಳತೆ ಇದೆ. ತಾಯಿಯದು ಮೊದಲು, ಅಣ್ಣನದು ಆಮೇಲೆ, ಉಳಿದದ್ದರಲ್ಲಿ ನಮ್ಮದು. ಮಾತಾಡಿಸಲು ಬಂದವರು ಅತ್ತೆಯ ಪಕ್ಕ ಕೂತರು, ನನ್ನ ಗಂಡನ ಭುಜ ಹಿಡಿದುಕೊಂಡರು. ನಾನು ಅವರಿಗೆಲ್ಲ ಚಾ ಮಾಡಿದೆ. ಲೋಟ ತೊಳೆಯುವಾಗ ಅತ್ತರೆ ಯಾರಿಗೂ ಗೊತ್ತಾಗುವುದಿಲ್ಲ. ಅಂದು ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ. ಹತ್ತನೇ ತರಗತಿಯವರೆಗೆ ಓದಿದವಳು ನಾನು. ತಪ್ಪಿದ್ದರೆ ಓದುವವರು ಸರಿಮಾಡಿಕೊಳ್ಳಬೇಕು.

ಮದುವೆಯಾಗಿ ನಾನು ನಾವುಂದಕ್ಕೆ ಬಂದದ್ದು ತೊಂಬತ್ತೇಳರಲ್ಲಿ. ತವರು ಬ್ರಹ್ಮಾವರ. ಗಂಡ ಗಂಗೊಳ್ಳಿಯಿಂದ ಹೊರಡುವ ಬೋಟಿನಲ್ಲಿ ದುಡಿಯುವವರು. ಕಡಲಿಗೆ ಹೋದರೆಂದರೆ ಮನೆಯಲ್ಲಿ ಹೆಂಗಸರು ಮಾತ್ರ. ಅತ್ತೆ ಆಗಿನ್ನೂ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುತ್ತಿದ್ದರು. ನಾದಿನಿ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುವವಳು. ಮೊದಲ ದಿನದಿಂದಲೂ ಅವಳು ನನ್ನನ್ನು ಏಕವಚನದಲ್ಲೇ ಕರೆದಳು. "ಅತ್ಗಿಗೆ ನೀವ್ ಅನ್ಕ್, ನೀನ್ ಅಂಬುಕಾಗ," ಎಂದು ಅತ್ತೆ ಗದರಿಸಿದಾಗ ಅವಳು, "ನೀವ್ ಅಂದ್ರೆ ಜಗಳ ಮಾಡುಕಾತಿಲ್ಲೆ ಅಮ್ಮ," ಎಂದಿದ್ದಳು. ಅಕ್ಕತಂಗಿಯರಿಲ್ಲದೆ ಬೆಳೆದವಳು ನಾನು. ಆ ಮಾತು ಕೇಳಿ, ಈ ಮನೆಯಲ್ಲಿ ಬದುಕಬಹುದು ಎನಿಸಿತು.

ಅವಳು ಓದಿದಳು. ಕುಂದಾಪುರದಲ್ಲಿ ಡಿಗ್ರಿ, ಮಂಗಳೂರಿನ ಕಡೆ ಪ್ರಾಣಿಶಾಸ್ತ್ರದಲ್ಲಿ ಎಮ್ಮೆಸ್ಸಿ, ಅದು ಮುಗಿದ ಮೇಲೆ ಸಂಶೋಧನೆ. ಕಾಡಿನ ಹಾಡುಹಕ್ಕಿಗಳ ಕರುಳಿನಲ್ಲಿ ಯಾವ ಯಾವ ಪರೋಪಜೀವಿಗಳಿವೆ ಎಂದು ಹುಡುಕುವುದು ಅವಳ ವಿಷಯ. ಇದನ್ನು ಅವಳು ತಾಯಿಗೆ ಹೇಳಿದಾಗ ಅತ್ತೆ ಬಾವಿಕಟ್ಟೆಯ ಹತ್ತಿರ ಕೂತು ಬಂಗುಡೆ ಕೊಯ್ಯುತ್ತಿದ್ದರು.

"ಹಕ್ಕಿ ಹೊಟ್ಟೆಲ್ ಹುಳ ಇತ್ತಾ ಕಾಂಬುಕೆ ಇಷ್ಟ್ ವರ್ಷ ಓದ್ಕಾ?" ಎಂದರು ಅತ್ತೆ. "ಮೀನಿನ್ ಹೊಟ್ಟೆಲೂ ಇರತ್ತ್. ನಾನ್ ದಿನಾ ಕಾಂತೆ. ಕರುಳ್ ತೆಗ್ದ್ ಬಿಸಾಡ್ರೆ ಮುಗೀತ್."

"ಹಕ್ಕಿ ಕರುಳ್ ತೆಗುಕಿಲ್ಲೆ ಅಮ್ಮ. ಹಕ್ಕಿ ಬದುಕ್ಕಲ್ದಾ?"

"ಮತ್ತ್ ಹ್ಯಾಂಗ್ ಕಾಂತೆ?"

"ಹಿಕ್ಕೆಲಿ."

ಅತ್ತೆ ಕತ್ತಿ ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಕೇಂಡ್ಯಾ? ನಾನ್ ಮೀನ್ ಮಾರಿ ಓದ್ಸದ್ದ್ ಇವ್ಳ್ ಹಕ್ಕಿ ಹೇಲ್ ಕಾಂಬುಕಂಬ್ರ್!"

ಬೈದರೂ ಅವರು ತಡೆಯಲಿಲ್ಲ. ಮದುವೆಯಾಗದ ಹುಡುಗಿ ಒಬ್ಬಳೇ ಕಾಡಿಗೆ ಹೋಗಬಾರದು, ಅತ್ತಿಗೆ ಜೊತೆಗಿದ್ದರೆ ಹೋಗಬಹುದು ಎಂಬುದಷ್ಟೇ ಅವರ ಕರಾರು. ಹಾಗೆ ನಾನೂ ಹಕ್ಕಿ ಕೆಲಸಕ್ಕೆ ಬಿದ್ದೆ. ಬೈಂದೂರಿಗೆ ಹೋಗಿ, ಅಲ್ಲಿಂದ ಕೊಲ್ಲೂರಿನ ಬಸ್ಸು ಹಿಡಿದು, ಘಟ್ಟದ ಬುಡದಲ್ಲಿ ಇಳಿಯುತ್ತಿದ್ದೆವು. ಅರಣ್ಯ ಇಲಾಖೆಯವರು ಅವಳಿಗೆ ತೋರಿಸಿಕೊಟ್ಟ ಜಾಗ ಅದು. ಎರಡು ಬಿದಿರಿನ ಕಂಬಗಳ ನಡುವೆ ಅವಳು ಕೂದಲಿನಷ್ಟು ತೆಳ್ಳಗಿನ ಕಪ್ಪು ಬಲೆ ಕಟ್ಟುತ್ತಿದ್ದಳು. ಮನೆಯಲ್ಲಿ ಅದನ್ನು ಮೊದಲ ಸಲ ಬಿಡಿಸಿ ನೋಡಿದಾಗ ನನ್ನ ಗಂಡ ಬೆರಳಲ್ಲಿ ತಿಕ್ಕಿ, "ಇದೆಂತ ಬಲೆ ಮಾರಾಯ್ತಿ, ಇದ್ರಲ್ಲ್ ಬೂತಾಯಿ ಮೀನೂ ನಿಲ್ಲ," ಎಂದು ನಕ್ಕಿದ್ದರು. ಆದರೆ ಬಲೆಯ ಕಣ್ಣಿಂದ ಮೀನು ಬಿಡಿಸಿ ಬೆಳೆದ ಕೈ ಅವಳದು. ಹಕ್ಕಿ ಯಾವ ಬದಿಯಿಂದ ಬಲೆಗೆ ಬಿತ್ತೋ ಅದೇ ಬದಿಯಿಂದ, ಕಾಲು ಮೊದಲು ರೆಕ್ಕೆ ಆಮೇಲೆ ಎಂಬಂತೆ, ಒಂದು ಗರಿಯೂ ಮುರಿಯದಂತೆ ಬಿಡಿಸುತ್ತಿದ್ದಳು.

ಬಿಡಿಸಿದ ಹಕ್ಕಿಯನ್ನು ಬಟ್ಟೆಯ ಚೀಲದಲ್ಲಿ ಹಾಕಬೇಕು. ಆ ಚೀಲಗಳನ್ನು ಹೊಲಿದದ್ದು ನಾನು, ಗಂಡನ ಹಳೆಯ ಬೈರಾಸುಗಳಿಂದ. ಮೈ ಒರೆಸಿ ಒರೆಸಿ ಮೆತ್ತಗಾದ ಆ ತೆಳು ಬಟ್ಟೆಯಲ್ಲಿ ಹಕ್ಕಿಗೆ ಗಾಳಿಯಾಡುತ್ತದೆ, ಉಗುರು ಸಿಕ್ಕುವುದಿಲ್ಲ. ಚೀಲದ ತಳದಲ್ಲಿ ಕಾಗದ. ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದರೆ ಹೆದರಿದ ಹಕ್ಕಿ ತಾನಾಗಿ ಹಿಕ್ಕೆ ಹಾಕುತ್ತದೆ. ಅದನ್ನು ಕೆರೆದು, ಹಳದಿ ಔಷಧಿಯಿರುವ ಪುಟ್ಟ ಬಾಟಲಿಗೆ ಹಾಕಿ, ಹಕ್ಕಿಯನ್ನು ಹಾರಿಬಿಡುವುದು. ಚೀಲ ಹಿಡಿಯುವ ಕೆಲಸ ನನ್ನದು. ಬಟ್ಟೆಯ ಆಚೆ ಪಿಕಳಾರನ ಎದೆ ಎಷ್ಟು ಜೋರಾಗಿ ಬಡಿದುಕೊಳ್ಳುತ್ತಿತ್ತೆಂದರೆ, ಅದು ಹಕ್ಕಿಯದೋ ನನ್ನ ಬೆರಳಿನದೋ ತಿಳಿಯುತ್ತಿರಲಿಲ್ಲ. ಬೇಗ ಬಿಡು, ಸತ್ತುಹೋದೀತು ಎಂದು ನಾನು ಅವಸರ ಮಾಡುತ್ತಿದ್ದೆ. "ನೀನ್ ಹೆದ್ರದ್ರಷ್ಟ್ ಅದ್ ಹೆದ್ರಿಲ್ಲೆ ಅತ್ಗೆ," ಎನ್ನುವಳು ಅವಳು.

ನನಗೆ ಇನ್ನೊಂದು ಹೆದರಿಕೆಯೂ ಇತ್ತು. ಹಕ್ಕಿಯ ಹುಳ ನಮಗೆ ಹತ್ತಿಕೊಂಡರೆ? ಮನೆಗೆ ಬಂದು ಮೊಣಕೈವರೆಗೆ ಸೋಪು ಹಾಕಿ ತೊಳೆದರೂ ಊಟಕ್ಕೆ ಕೂತಾಗ ಬೆರಳು ಮೂಸಿ ನೋಡುತ್ತಿದ್ದೆ. ಅವಳು ಅದನ್ನು ನೋಡಿ ನೋಡಿ ಒಮ್ಮೆ ಸರಿಯಾಗಿ ಕೂರಿಸಿ ಹೇಳಿದಳು. ಅವಳು ಹುಡುಕುತ್ತಿದ್ದದ್ದು ಹೆಚ್ಚಾಗಿ ಹುಳವೇ ಅಲ್ಲವಂತೆ. ಹುಳಕ್ಕಿಂತ ಬಹಳ ಸಣ್ಣ, ಕಣ್ಣಿಗೆ ಕಾಣದ ಜೀವ. ಕರುಳಿನ ಒಳಗೋಡೆಯಲ್ಲಿ ಮನೆ ಮಾಡಿಕೊಂಡು, ತತ್ತಿಯಂಥದ್ದನ್ನು ಹಿಕ್ಕೆಯ ಜೊತೆ ಹೊರಗೆ ಕಳಿಸುತ್ತದಂತೆ. ಹೆಚ್ಚಿನ ಹಕ್ಕಿಗಳು ಅದನ್ನು ಹೊತ್ತುಕೊಂಡೇ ಹಾಡುತ್ತ, ಗೂಡು ಕಟ್ಟುತ್ತ ಬದುಕುತ್ತವಂತೆ. "ಹಕ್ಕಿದ್ ಹಕ್ಕಿಗೇ," ಎಂದಳು. "ಪಿಕಳಾರಂದ್ ಮಡಿವಾಳ ಹಕ್ಕಿಗೂ ಬಪ್ಪುದ್ ಕಷ್ಟ. ನಿಂಗ್ ಹ್ಯಾಂಗ್ ಬತ್ತ್? ನಿಂಗೇನ್ ರೆಕ್ಕಿ ಇತ್ತಾ?"

ಬಾಟಲಿಗಳನ್ನು ಕೆಲವು ದಿನ ಹಾಗೇ ಇಡಬೇಕು. ಆಮೇಲೆ ಅದಕ್ಕೆ ಗಟ್ಟಿ ಸಕ್ಕರೆ ಪಾಕ ಸೇರಿಸಬೇಕು. ಪಾಕ ಭಾರ, ತತ್ತಿ ಹಗುರ. ಹಾಗಾಗಿ ಕಸವೆಲ್ಲ ಕೆಳಗೆ ಕೂತು ತತ್ತಿ ಮೇಲೆ ತೇಲುತ್ತದೆ. ಮೇಲಿನ ಹನಿಯನ್ನು ಗಾಜಿಗೆ ಮುಟ್ಟಿಸಿ ಸೂಕ್ಷ್ಮದರ್ಶಕದಡಿ ನೋಡುವುದು. ಕಾಲೇಜಿನಿಂದ ತಂದ ಸೂಕ್ಷ್ಮದರ್ಶಕ ನಮ್ಮ ಚಾವಡಿಯ ಮೇಜಿನ ಮೇಲಿತ್ತು. ಪಾಕ ಮಾಡುವವಳು ನಾನೇ. ಒಲೆಯ ಮುಂದೆ ನಿಂತು ಕೈಯಾಡಿಸುವಾಗ ಅತ್ತೆ ಹಾದುಹೋದರೆ, "ಮನಿಯರಿಗೆ ಬೆಲ್ಲದ್ ಚಾ, ಹಕ್ಕಿ ಹೇಲಿಗೆ ಸಕ್ರಿ," ಎಂದು ಗೊಣಗುತ್ತಿದ್ದರು.

ಮೊದಲ ತಿಂಗಳುಗಳಲ್ಲಿ ಏನೂ ಸಿಗಲಿಲ್ಲ. ನಾವು ನಸುಕಿಗೆ ಹೊರಟು, ಬೆಳಗಿನ ಹೊತ್ತು ಬಲೆ ಹಾಕಿ, ಊಟದ ಹೊತ್ತಿಗೆ ಮನೆಗೆ ಬಂದುಬಿಡುತ್ತಿದ್ದೆವು. ಬೆಳಗಿನಲ್ಲೇ ಹಕ್ಕಿಗಳು ಹೆಚ್ಚು ಓಡಾಡುವುದು. ಹಿಕ್ಕೆ ಬೇಕಾದಷ್ಟು ಸಿಕ್ಕಿತು, ಆದರೆ ಗಾಜಿನಡಿ ಎಲ್ಲೋ ಒಂದೆರಡು ತತ್ತಿ ಬಿಟ್ಟರೆ ಎಲ್ಲ ಚೊಕ್ಕ. ಅವಳ ಮುಖ ಬಾಡಿತ್ತು. ಕೊನೆಗೆ ಮಂಗಳೂರಿನಲ್ಲಿದ್ದ ಅವಳ ಗೈಡ್ ಫೋನಿನಲ್ಲಿ, ಬೆಳಿಗ್ಗೆ ತೆಗೆದರೆ ಸಿಗುವುದಿಲ್ಲ, ಸಂಜೆಯ ಮುಂಚೆ ತೆಗೆದು ನೋಡಿ, ಇದು ಹೊತ್ತು ನೋಡಿಕೊಂಡು ಹೊರಗೆ ಬರುವ ಜೀವ ಎಂದರಂತೆ. ಹಗಲಿಡೀ ಹೊರಗೆ ಬಿದ್ದಿದ್ದರೆ ತತ್ತಿ ಬಿಸಿಲಿಗೆ ಒಣಗಿ ಸಾಯುತ್ತದೆ. ಅದಕ್ಕೆ ಬಿಸಿಲಿಳಿಯುವ ಹೊತ್ತಿಗೇ ಅದು ಹೊರಬರುವುದು. ನಾವು ಬಲೆ ಹಾಕುವ ಹೊತ್ತು ಬದಲಾಯಿತು. ಮಧ್ಯಾಹ್ನದ ಬಸ್ಸಿಗೆ ಹೋಗಿ, ಹೊತ್ತು ಇಳಿಯುವಾಗ ಬಲೆ ಬಿಚ್ಚಿ, ಮನೆ ಸೇರುವಾಗ ದೀಪ ಹಚ್ಚುವ ಹೊತ್ತಾಗುತ್ತಿತ್ತು.

ನಮ್ಮ ಮನೆಯ ದೀಪದ ಹೊತ್ತಿನ ಬಗ್ಗೆ ಹೇಳಬೇಕು. ಮುಸ್ಸಂಜೆಯಲ್ಲಿ ಅಸ್ತು ದೇವತೆಗಳು ಮನೆಗಳ ಮಾಡಿನ ಮೇಲಿಂದ ಹಾದುಹೋಗುತ್ತಾರೆ ಎಂಬುದು ಅತ್ತೆಯ ಗಟ್ಟಿ ನಂಬಿಕೆ. ಕೆಳಗೆ ಯಾರು ಏನು ಅಂದರೂ ಅವರು "ಅಸ್ತು", ಅಂದರೆ ಹಾಗೇ ಆಗಲಿ, ಎಂದು ಹೇಳಿ ಮುಂದೆ ಹೋಗುತ್ತಾರಂತೆ. ಆದ್ದರಿಂದ ಆ ಹೊತ್ತಿಗೆ ಇಲ್ಲ ಎಂಬ ಮಾತು, ಸಾವಿನ ಮಾತು, ಕಾಯಿಲೆಯ ಮಾತು ಆಡಬಾರದು. ಉಪ್ಪು ಮುಗಿದಿದ್ದರೆ "ಉಪ್ಪ್ ತುಂಬಿತ್ತ್" ಎನ್ನಬೇಕು. ಗಂಡಸರು ಕಡಲಿನಲ್ಲಿರುವ ಮನೆಗಳಲ್ಲಿ ಇಂಥವನ್ನೆಲ್ಲ ತಮಾಷೆ ಎಂದು ತಳ್ಳಿಹಾಕುವ ಧೈರ್ಯ ಯಾರಿಗೂ ಇರುವುದಿಲ್ಲ. ನನಗೂ ಇರಲಿಲ್ಲ. ಗಾಳಿ ಎದ್ದ ಸಂಜೆ ಗಂಡನ ನೆನಪಾದರೂ, ಹೆಸರೆತ್ತದೆ ಬತ್ತಿ ಸರಿಮಾಡುತ್ತ ಕೂರುತ್ತಿದ್ದೆ.

ಆ ಚಳಿಗಾಲದಲ್ಲಿ ನಾದಿನಿ ಸಂಜೆ ಮನೆಗೆ ಬಂದವಳೇ ಕಂಬಳಿ ಹೊದ್ದು ಚಾವಡಿಯ ಮೂಲೆಯಲ್ಲಿ ಕೂರತೊಡಗಿದಳು. ಕೆನ್ನೆ ಕೆಂಪು, ಕಣ್ಣು ಹೊಳೆಯುವುದು. ಅತ್ತೆ ದೀಪ ಹಚ್ಚಿ ಕೈಮುಗಿದು, "ಎಂತ ಹೆಣೆ, ಕಂಬ್ಳಿ?" ಎಂದು ಕೇಳಿದರೆ, ತಾಯಿಯ ನಿಯಮ ಗೊತ್ತಿದ್ದ ಅವಳು, "ಭಾರಿ ಹುಷಾರಿತ್ತ್ ಅಮ್ಮ, ಕಂಬ್ಳಿ ಚಂದ ಇತ್ತಂದೇಳಿ ಹೊದ್ದದ್ದ್," ಎನ್ನುವಳು. ನಾವು ನಗುತ್ತಿದ್ದೆವು. ಬೆಳಿಗ್ಗೆ ಎದ್ದಾಗ ಅವಳ ತಲೆದಿಂಬು ಬೆವರಿಗೆ ನೆನೆದಿರುತ್ತಿತ್ತು, ಮೈ ಮಾತ್ರ ತಣ್ಣಗೆ. ಸ್ನಾನ ಮಾಡಿ, ಎರಡು ದೋಸೆ ತಿಂದು ಬಾಟಲಿಗಳ ಮುಂದೆ ಕೂತಳೆಂದರೆ ಹಿಂದಿನ ಸಂಜೆಯದು ಮರೆತೇ ಹೋಗುವುದು. ಹಗಲು ಅದರ ಮಾತೆತ್ತಲು ಕಾರಣ ಕಾಣುತ್ತಿರಲಿಲ್ಲ, ಸಂಜೆ ಎತ್ತುವ ಹಾಗಿರಲಿಲ್ಲ.

ಒಂದು ಬೆಳಿಗ್ಗೆ ಕಾಲೇಜಿಗೆ ಹೋಗುವ ದಾರಿಯಲ್ಲಿ ಅವಳೊಬ್ಬಳೇ ಕುಂದಾಪುರದ ಡಾಕ್ಟರ ಹತ್ತಿರ ಹೋಗಿ ಬಂದಿದ್ದಳು. ಸುಸ್ತಾಗುತ್ತದೆ, ಕಾಲು ತುರಿಸುತ್ತದೆ ಎಂದಿದ್ದಳಂತೆ. ಅವರು ನಾಡಿ ನೋಡಿ, ಜ್ವರ ನೋಡಿ, ಏನೂ ಇಲ್ಲವೆಂದು ಟಾನಿಕ್ ಬರೆದುಕೊಟ್ಟಿದ್ದರು. ಸಂಜೆಯ ಜ್ವರವನ್ನು ಯಾಕೆ ಹೇಳಲಿಲ್ಲ ಎಂದು ಆ ಟಾನಿಕ್ ಬಾಟಲಿ ಕಂಡಾಗ ಕೇಳಿದೆ. "ಜ್ವರ ಅಂದ್ರೆ ಅಮ್ಮ ಕಾಡಿಗೆ ಬಿಡುದಿಲ್ಲೆ. ಮಳಿ ಹಿಡ್ದ್ರೆ ಬಲೆ ಹಾಕುಕಾತಿಲ್ಲೆ. ಇದೊಂದ್ ಮುಗೀಲಿ ಅತ್ಗೆ," ಎಂದಳು. ಸಂಜೆಯ ಬಾಟಲಿಗಳಲ್ಲಿ ಆಗ ಅವಳು ಹುಡುಕಿದ್ದೆಲ್ಲ ಸಿಗುತ್ತಿತ್ತು.

ಮಾರ್ಚಿನ ಒಂದು ಸಂಜೆ ನಾವು ಕಾಡಿಗೆ ಹೋಗಿರಲಿಲ್ಲ. ಅವಳು ಸೂಕ್ಷ್ಮದರ್ಶಕದ ಮುಂದೆ ಕೂತು, "ಅತ್ಗೆ, ಬಾ ಇಲ್ಲ್, ಒಂದ್ ಚೋದ್ಯ ತೋರಸ್ತೆ," ಎಂದು ಕರೆದಳು. ಮೊದಲ ಗಾಜು ಪಿಕಳಾರನ ಬೆಳಗಿನ ಹಿಕ್ಕೆಯದು. ನಾನು ಒಂದು ಕಣ್ಣು ಮುಚ್ಚಿ ನೋಡಿದೆ. ಬೆಳಕಿನ ಬಟ್ಟಲಲ್ಲಿ ಒಂದಷ್ಟು ಕಸ, ಹಣ್ಣಿನ ಸಿಪ್ಪೆಯ ಚೂರು, ಅಷ್ಟೇ. ಅವಳು ಗಾಜು ಬದಲಿಸಿದಳು. ಅದೇ ಜಾಗದ, ಅದೇ ಜಾತಿಯ ಹಕ್ಕಿ, ಆದರೆ ಸಂಜೆಯದು. ಬಟ್ಟಲು ತುಂಬ ದುಂಡಗಿನ, ಮೊಟ್ಟೆಯಾಕಾರದ, ಅಂಚಿನಲ್ಲಿ ಮಿನುಗುವ ಕಣಗಳು ಒಂದರ ಪಕ್ಕ ಒಂದು ಮಲಗಿದ್ದವು. ಒಳಗೆ ಇನ್ನೂ ಚಿಕ್ಕ ಬೀಜಗಳಂಥವು. ನೋಡಲು ಚೆಂದವಿತ್ತು, ಅದೇ ನನಗೆ ಹೆದರಿಕೆ ತಂದದ್ದು.

"ಬೆಳಿಗ್ಗೆ ಕಂಡ್ರೆ ಹಕ್ಕಿ ಚೊಕ್ಕ," ಎಂದಳು ಪಕ್ಕದಲ್ಲಿ. "ಇಲ್ಲದ್ದಲ್ಲ ಅತ್ಗೆ, ಒಳಗೇ ಇತ್ತ್. ನಾವ್ ಕಂಡ ಹೊತ್ತ್ ಸಮ ಇಲ್ಲೆ, ಅಷ್ಟೇ."

ನಾನು ಗಾಜಿನಿಂದ ಕಣ್ಣು ತೆಗೆದು ಅವಳನ್ನು ನೋಡಿದೆ. ಒಳಗೆ ಅತ್ತೆ ಆಗಷ್ಟೇ ದೀಪ ಹಚ್ಚಿದ್ದರು. ಅವಳ ಕೆನ್ನೆ ಕೆಂಪಾಗಿತ್ತು, ತುಟಿ ಒಣಗಿತ್ತು, ಕಂಬಳಿಯನ್ನು ಕುತ್ತಿಗೆಯವರೆಗೆ ಎಳೆದುಕೊಂಡಿದ್ದಳು. ನನ್ನ ಕೈ ತಾನಾಗಿ ಅವಳ ಹಣೆಗೆ ಹೋಯಿತು. ಸುಡುತ್ತಿತ್ತು.

"ನಿಂಗ್ ಜ್ವರ ಇತ್ತ್," ಎಂದೆ. ಮೆಲ್ಲಗೆ ಹೇಳಬೇಕೆಂದುಕೊಂಡಿದ್ದೆ, ಜೋರಾಗಿ ಬಂತು. "ದಿನಾ ಈ ಹೊತ್ತಿಗೆ ಜ್ವರ ಬತ್ತ್ ನಿಂಗೆ. ನಿಂಗೆಂತದೋ ಕಾಯ್ಲೆ ಇತ್ತ್."

ಅತ್ತೆ ದೇವರ ಕೋಣೆಯಿಂದ ಓಡಿಬಂದರು. "ಹ್ವಾಯ್! ಬಾಯ್ ಮುಚ್ಚ್! ದೀಪ ಹಚ್ಚಿದ್ದಷ್ಟೆ ನಾನ್! ಎಂತ ಮಾತಾಡ್ತೆ ನೀನ್?"

"ಮುಟ್ಟಿ ಕಾಣಿ ಅತ್ತೆ."

"ಮುಟ್ಟುದಿಲ್ಲೆ! ತುಂಬಿದ್ ಮನಿಲ್ ನಿಂತ್ಕಂಡ್ ಕಾಯ್ಲೆ ಕಾಯ್ಲೆ ಅಂತ್ಯಲೆ? ನಿನ್ ಮಗ್ಳಿಗಾರೆ ಅಂತಿದ್ಯಾ?"

ನನ್ನ ಮಗಳು ಆಗ ಚಿಕ್ಕವಳು, ಬಾಗಿಲ ಹತ್ತಿರ ನಿಂತು ಅಳತೊಡಗಿದಳು. ನಾದಿನಿ ನಡುವೆ ಬಂದು, "ಅಮ್ಮ, ಅತ್ಗೆ ಹೇಳದ್ದ್ ಸುಳ್ಳಲ್ಲ," ಎಂದಳು. ಅವಳ ದನಿ ಸಣ್ಣದಾಗಿತ್ತು. ನಾನು ಆಗಲೇ ಸೀರೆ ಬದಲಿಸಲು ಹೋಗಿದ್ದೆ. ಡಾಕ್ಟರು ಸಂಜೆಯೂ ಕೂರುತ್ತಾರೆ, ಈಗಲೇ ಹೋಗಬೇಕು, ನಾಳೆ ಬೆಳಿಗ್ಗೆ ಹೋದರೆ ಮತ್ತೆ ಏನೂ ಕಾಣಿಸುವುದಿಲ್ಲ ಎಂಬುದೊಂದೇ ನನ್ನ ತಲೆಯಲ್ಲಿ. ದೀಪ ಹಚ್ಚಿದ ಮೇಲೆ ಮನೆಯ ಹೆಣ್ಣು ಹೊಸಿಲು ದಾಟಬಾರದು ಎಂಬುದೂ ಅತ್ತೆಯ ಇನ್ನೊಂದು ನಿಯಮ. ಅವರು ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ದೇವರ ಕೋಣೆಗೆ ಹೋಗಿ, ನಮಗೆ ಬೆನ್ನು ಹಾಕಿ ಕೂತರು. ಅಡ್ಡ ನಿಂತಿದ್ದರೆ ನನಗೆ ಸುಲಭವಾಗುತ್ತಿತ್ತು.

ಹೊರಡುವಾಗ ನಾದಿನಿ ಮಾತ್ರೆಯ ಡಬ್ಬಿಗೆ ಕೈ ಹಾಕಿದಳು. ಬಸ್ಸಲ್ಲಿ ಕೂರಲು ಆಗುವುದಿಲ್ಲ, ಒಂದು ಜ್ವರದ ಮಾತ್ರೆ ನುಂಗಿಕೊಳ್ಳುತ್ತೇನೆ ಎಂದಳು. ನಾನು ಡಬ್ಬಿ ಕಸಿದುಕೊಂಡೆ. "ಬ್ಯಾಡ. ಹೀಂಗೇ ಬಾ. ಡಾಕ್ಟ್ರ್ ಕಾಣ್ಲಿ." ಕುಂದಾಪುರದವರೆಗೂ ಅವಳು ನನ್ನ ಭುಜಕ್ಕೆ ತಲೆಯಿಟ್ಟು ಹಲ್ಲು ಕಟಕಟಿಸುತ್ತ ಬಂದಳು. ಜ್ವರ ಇಳಿಯಬಾರದು ಎಂದು ನಾನು ದೇವರಲ್ಲಿ ಬೇಡುತ್ತಿದ್ದೆ. ಹಾಗೆ ಯಾರಾದರೂ ಬೇಡುತ್ತಾರೆಯೇ? ನಡುವೆ ಒಮ್ಮೆ ಅವಳ ಹಣೆ ಸ್ವಲ್ಪ ತಣ್ಣಗಾದಂತೆ ಕಂಡು ನನಗೆ ಗಾಬರಿಯಾಯಿತು. ಕಿಟಕಿಯ ಗಾಳಿ ಬಡಿದು ಹಾಗಾಗಿತ್ತು. ಶಟರ್ ಎಳೆದೆ.

ಡಾಕ್ಟರು ಅವಳ ನಾಲಿಗೆಯಡಿ ಥರ್ಮಾಮೀಟರಿಟ್ಟು ತೆಗೆದು, ಅದನ್ನು ಎರಡು ಸಲ ನೋಡಿದರು. "ಬೆಳಿಗ್ಗೆ ಇರುವುದಿಲ್ಲವಾ ಇದು?" ಎಂದು ಕೇಳಿದರು. "ಇಲ್ಲ, ಸಂಜೆ ಮಾತ್ರ, ತಿಂಗಳುಗಳಿಂದ," ಎಂದು ಉತ್ತರ ಕೊಟ್ಟದ್ದು ನಾನು. ಅವರು ಅವಳ ಕುತ್ತಿಗೆಯನ್ನು ಬೆರಳಿನಿಂದ ತಡವುತ್ತ ಬಂದು ಭುಜದೆಲುಬಿನ ಮೇಲೆ ಒಂದು ಕಡೆ ನಿಲ್ಲಿಸಿದರು. ಅಲ್ಲೇ ನಿಲ್ಲಿಸಿದರು, ಬೇಗ ತೆಗೆಯಲಿಲ್ಲ. ಆ ಕೈ ಯಾವಾಗ ಅಲ್ಲಿಂದ ಸರಿಯುತ್ತದೆ ಎಂದು ಕಾದದ್ದು ನನಗೆ ಇವತ್ತಿಗೂ ಮುಗಿದಿಲ್ಲ. ಆಮೇಲೆ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ಗಂಟುಗಳಲ್ಲಿ ಹುಟ್ಟುವ ಕ್ಯಾನ್ಸರ್ ಎಂದು ಗೊತ್ತಾಯಿತು. ಕುತ್ತಿಗೆಯಲ್ಲಿ ಚಿಕ್ಕದು, ಎದೆಯೊಳಗೆ ದೊಡ್ಡದು. ಆಸ್ಪತ್ರೆಗೆ ಹತ್ತಿರ ಎಂದು ಅವಳನ್ನು ಬ್ರಹ್ಮಾವರದ ನನ್ನ ತವರಿನಲ್ಲಿ ಇಟ್ಟುಕೊಂಡೆವು. ಔಷಧಿ ಹತ್ತಿಸಿಕೊಂಡು ಬಂದ ದಿನ ಅವಳಿಗೆ ಅನ್ನದ ವಾಸನೆಯೂ ಆಗುತ್ತಿರಲಿಲ್ಲ. ಗಂಡ ದಡಕ್ಕೆ ಬಂದಾಗಲೆಲ್ಲ ನೇರ ಅಲ್ಲಿಗೇ ಬರುತ್ತಿದ್ದರು, ತಂಗಿಯ ಮಂಚದ ಹತ್ತಿರ ಮೀನಿನ ವಾಸನೆ ಬೀರಬಾರದೆಂದು ಹೊರಗೆ ಎರಡೆರಡು ಸಲ ಮಿಂದು. ಅವಳು ಅದಕ್ಕೂ ನಗುವಳು. "ಅಣ್ಣ, ನೀನ್ ಮದ್ವಿಮನಿಗೆ ಹೋಪುಕೂ ಇಷ್ಟ್ ಮಿಂದದ್ದ್ ಕಂಡಿಲ್ಲೆ."

ನನಗಿದ್ದ ಪ್ರಶ್ನೆ ಒಂದೇ. ಅದನ್ನು ಕೇಳಲು ಧೈರ್ಯ ಬರಲು ಬಹಳ ಸಮಯ ಹಿಡಿಯಿತು. ಒಂದು ಬಾರಿ ಅವಳು ಒಳಗೆ ಎಕ್ಸರೇಗೆ ಹೋಗಿದ್ದಾಗ ಅವಳನ್ನು ನೋಡುತ್ತಿದ್ದ ಲೇಡಿ ಡಾಕ್ಟರನ್ನು ಕಾರಿಡಾರಿನಲ್ಲಿ ತಡೆದು ನಿಲ್ಲಿಸಿದೆ. ಹಕ್ಕಿಯ ಹಿಕ್ಕೆ ಮುಟ್ಟಿದ್ದರಿಂದ ಬಂತೇ ಎಂದು ಕೇಳಿದೆ. "ಖಂಡಿತ ಇಲ್ಲ," ಎಂದರು. "ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ." ಅದು ನನಗೆ ಗೊತ್ತಿದ್ದದ್ದೇ. ಮೊದಲೇ ಕರೆದುಕೊಂಡು ಬಂದಿದ್ದರೆ ಏನಾಗುತ್ತಿತ್ತು ಎಂದು ಆಮೇಲೆ ಕೇಳಿದೆ. "ಕೆಲವರಿಗೆ ವ್ಯತ್ಯಾಸ ಆಗ್ತದೆ ಅಮ್ಮ. ಕೆಲವರಿಗೆ ಆಗುವುದಿಲ್ಲ. ಇವರ ವಿಷಯದಲ್ಲಿ ಹೇಗಾಗ್ತಿತ್ತು ಅಂತ ನಾನು ಹೇಳಿದರೆ ಅದು ಸುಳ್ಳಾಗ್ತದೆ." ಒಳ್ಳೆಯವರು ಅವರು. ಆದರೂ ಒಂದು ಸುಳ್ಳು ಹೇಳಬಹುದಿತ್ತು ಎಂದು ಎಷ್ಟೋ ಸಲ ಅನಿಸಿದೆ.

ನಡುವೆ ಅವಳು ಚೇತರಿಸಿಕೊಂಡಳು. ಕೂದಲು ಹುಲ್ಲಿನಂತೆ ಚಿಗುರಿತು. ತವರಿನ ಆವರಣ ಗೋಡೆಯ ಮೇಲೆ ಒಂದು ಮಡಿವಾಳ ಹಕ್ಕಿ ಬೆಳಗಾದರೆ ಕೂತು ಹಾಡುತ್ತಿತ್ತು. ಅವಳು ಕಿಟಕಿಯಿಂದ ಕೇಳುತ್ತ, "ಹೊಟ್ಟಿಲ್ ಎಂತೆಂತ ಇಟ್ಕಂಡ್ ಹಾಡತ್ತ್ ಕಾಣ್," ಎಂದಿದ್ದಳು. ನಾವು ಎಲ್ಲರೂ ಸಾಮಾನು ಕಟ್ಟಿಕೊಂಡು ನಾವುಂದಕ್ಕೆ ಹಿಂದಿರುಗಿದೆವು. ಮರು ವರ್ಷ ದೀಪಾವಳಿ ಕಳೆದ ಮೇಲೆ ಜ್ವರ ಮತ್ತೆ ಬಂತು. ಈ ಬಾರಿ ಅದಕ್ಕೆ ಬೆಳಿಗ್ಗೆ ಸಂಜೆ ಎಂಬುದಿರಲಿಲ್ಲ. ಹೆಚ್ಚು ದಿನ ನಡೆಯಲಿಲ್ಲ. ಹೋಗುವಾಗ ಅವಳ ಕೈ ನನ್ನ ಕೈಯಲ್ಲಿತ್ತು, ತಲೆ ತಾಯಿಯ ಮಡಿಲಲ್ಲಿ.

ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟ ಮುಗಿದು ನೆಂಟರು ಹೋದ ಮೇಲೆ ಅವಳ ಗೈಡ್ ಬಂದು ಸೂಕ್ಷ್ಮದರ್ಶಕ, ಬಾಟಲಿ, ಬಲೆ ಎಲ್ಲ ತೆಗೆದುಕೊಂಡು ಹೋದರು. ಕೆಲಸ ಬಹಳಷ್ಟು ಆಗಿದೆ, ಇನ್ನೊಬ್ಬ ವಿದ್ಯಾರ್ಥಿ ಮುಂದುವರಿಸುತ್ತಾನೆ, ಅವಳ ಹೆಸರು ಮೊದಲು ಇರುತ್ತದೆ ಎಂದರು. ಚೀಲಗಳನ್ನೂ ಕೊಟ್ಟುಬಿಟ್ಟೆ. ಅತ್ತೆ ಹೊರಗೆ ಬರಲಿಲ್ಲ. ಅಂದಿನಿಂದ ಅತ್ತೆಯೂ ನಾನೂ ಬೇಕಾದಷ್ಟೇ ಮಾತಾಡುತ್ತಿದ್ದೆವು. ಅಕ್ಕಿ, ಸಾರು, ಮಗಳ ಫೀಸು. ಅವರು ಒಮ್ಮೆಯೂ ನನ್ನನ್ನು ದೂರಲಿಲ್ಲ. ಆದರೆ ಪಕ್ಕದ ಮನೆಯವರ ಹತ್ತಿರ, "ಆ ಹೊತ್ತಿಗೆ ಬಾಯಿಂದ ಬಂತಲೆ, ಅಸ್ತು ಅಂದ್ರ್," ಎಂದು ಅವರು ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಅಂಥದ್ದನ್ನು ನಾನು ನಂಬುವುದಿಲ್ಲ. ನಂಬದಿದ್ದರೂ, ಆ ಸಂಜೆ ಮೆಲ್ಲಗೆ ಹೇಳಿದ್ದರೆ ಎಂದು ಯೋಚಿಸುತ್ತೇನೆ. ಅದರ ಬೆನ್ನಿಗೇ, ಅವಳು ಕಂಬಳಿ ಹೊದೆಯತೊಡಗಿದ ಡಿಸೆಂಬರಿನಲ್ಲೇ ಹೇಳಿದ್ದರೆ ಎಂದೂ. ಎರಡೂ ಯೋಚನೆ ಒಟ್ಟಿಗೇ ಬರುತ್ತವೆ, ಒಂದು ಬಂದರೆ ಇನ್ನೊಂದು ಬಿಡುವುದಿಲ್ಲ.

ಹೀಗೇ ಒಂದು ವರ್ಷದ ಮೇಲೆ ಕೋಡಿಯಲ್ಲಿರುವ ಅತ್ತೆಯ ತಂಗಿಯ ಮನೆಗೆ ಹೋಗಿದ್ದೆವು. ಹಿಂದಿರುಗುವಾಗ ಬಸ್ಸಿಗೆ ಕಾಯುತ್ತ ಇಬ್ಬರೂ ರಸ್ತೆಬದಿಯ ಕಟ್ಟೆಯಲ್ಲಿ ಕೂತಿದ್ದೆವು. ಮಧ್ಯಾಹ್ನದ ಬಿಸಿಲು. ಎದುರಿಗೆ ಒಣಮೀನು ಹರವಿದ್ದರು. ಅತ್ತೆ ಅದನ್ನೇ ನೋಡುತ್ತ, ನನ್ನ ಕಡೆ ತಿರುಗದೆ ಕೇಳಿದರು.

"ಹಕ್ಕಿಯಿಂದ್ಲೇ ಬಂದದ್ದಲ್ದಾ ಅದ್?"

ಹೌದು ಎಂದುಬಿಟ್ಟರೆ ಆ ಮುದುಕಿ ಅಂದು ನೆಮ್ಮದಿಯಿಂದ ಮಲಗುತ್ತಿದ್ದರು, ಪ್ರಾಯಶಃ ನಾನೂ. ಕಾಡಿನ ಹಕ್ಕಿಗಳೇನೂ ಬಂದು ಅಲ್ಲವೆನ್ನುತ್ತಿರಲಿಲ್ಲ. ಆದರೆ ಹೌದು ಎಂದರೆ, ಅವಳು ಸಂತೋಷದಿಂದ ಮಾಡಿದ ಒಂದೇ ಕೆಲಸ ಅವಳನ್ನು ಕೊಂದಂತಾಗುತ್ತದೆ.

"ಅಲ್ಲ ಅತ್ತೆ," ಎಂದೆ. "ಹಕ್ಕಿಯಿಂದ ಅಲ್ಲ."

"ಮತ್ತ್ ಎಂತದ್ರಿಂದ?"

"ಗೊತ್ತಿಲ್ಲೆ. ಡಾಕ್ಟ್ರಿಗೂ ಗೊತ್ತಿಲ್ಲೆ."

"ನಾನ್ ಬಾಯ್ ಮುಚ್ಚ್ಸದ್ರಿಂದವಾ?"

ಅವರು ಅದನ್ನು ಕೇಳುತ್ತಾರೆಂದು ನಾನು ಎಣಿಸಿರಲಿಲ್ಲ. "ಅದೂ ಗೊತ್ತಿಲ್ಲೆ," ಎಂದೆ.

"ನೀನ್ ಅಂದದ್ರಿಂದವಾ?"

"ಅದೂ ಗೊತ್ತಿಲ್ಲೆ ಅತ್ತೆ."

ಅವರು ತಲೆಯಾಡಿಸಿದರು. ಮೀನಿನ ಬೆಲೆ ಕೇಳಿ ಒಪ್ಪಿದವರ ಹಾಗೂ ಇರಲಿಲ್ಲ ಅದು, ಒಪ್ಪದವರ ಹಾಗೂ ಇರಲಿಲ್ಲ. ಬಸ್ಸು ಬಂತು. ಒಂದೇ ಸೀಟು ಖಾಲಿಯಿತ್ತು. "ನೀನ್ ಕೂಕೋ," ಎಂದರು ಅತ್ತೆ. "ನೀವ್ ಕೂಕಣಿ," ಎಂದೆ. ಇಬ್ಬರೂ ಕೂರಲಿಲ್ಲ. ಒಂದೇ ಕಂಬಿಯನ್ನು ಹಿಡಿದು ನಿಂತೆವು. ತಿರುವಿನಲ್ಲಿ ಬಸ್ಸು ವಾಲಿದಾಗ ಅವರು ನನ್ನ ಮೊಣಕೈ ಹಿಡಿದುಕೊಂಡರು, ಆಮೇಲೆ ಬಿಡಲಿಲ್ಲ. ಮುಂದಿನ ಸ್ಟಾಪಿನಲ್ಲಿ ಹತ್ತಿದ ಹುಡುಗಿಯೊಬ್ಬಳು ಖಾಲಿ ಸೀಟು ನೋಡಿ, "ಇಲ್ಲ್ ಯಾರಾರೂ ಇದ್ರಾ?" ಎಂದು ಕೇಳಿದಳು.

"ಇಲ್ಲೆ ಮಗಾ," ಎಂದರು ಅತ್ತೆ. "ಕೂಕೋ."